ತಂದೂರ್ ರೊಟ್ಟಿ ಕೆಂಡಕ್ಕೆ ಬೀಳುವುದೇಕೆ? ಹಿಟ್ಟಿಗಿಂತ ಮೊದಲು ಗೋಡೆ ನೋಡಿ

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ ಜಾಗ ಇದೆ ಅಂತ ಮಣ್ಣಿನ ತಂದೂರ್ ಒಂದನ್ನು ತರಿಸಿ, ಕಬ್ಬಿಣದ ಡ್ರಮ್ಮಿನೊಳಗೆ ಕೂರಿಸಿದ್ದೇವೆ. ಅರ್ಧ ಗಂಟೆ ಜೋರಾಗಿ ಉರಿಸಿ ರೊಟ್ಟಿ ಹಾಕುತ್ತೇವೆ. ಮೊದಲ ಎರಡು ಮೂರು ರೊಟ್ಟಿ ಜಾರಿ ಕೆಂಡಕ್ಕೆ ಬೀಳುತ್ತವೆ. ಆಮೇಲಿನವು ಗೋಡೆಗೆ ಕಚ್ಚಿಕೊಂಡು, ಎಬ್ಬಿಸಲು ಹೋದರೆ ಹರಿಯುತ್ತವೆ. ಒಳಗೋಡೆಯಲ್ಲಿ ಸಣ್ಣ ಬಿರುಕುಗಳೂ ಬಂದಿವೆ. ಮೈದಾ, ಈಸ್ಟ್ ಬೇಡ, ಬರೀ ಗೋಧಿ ಹಿಟ್ಟಿನಲ್ಲೇ ಮಾಡಬೇಕು ಅನ್ನುವುದು ನಮ್ಮ ಆಸೆ. ತಪ್ಪು ಹಿಟ್ಟಿನದೋ, ತಂದೂರಿನದೋ? ಇದರಲ್ಲೇ ಜೋಳದ ರೊಟ್ಟಿಯೂ ಆಗುತ್ತದೆಯೇ?

ಉತ್ತರ: ಹಿಟ್ಟಿನ ಮೇಲೆ ಅನುಮಾನ ಬೇಡ. ಮೈದಾ, ಈಸ್ಟ್ ಇಲ್ಲದೆ ಬರೀ ಗೋಧಿ ಹಿಟ್ಟಿನಲ್ಲಿ ತಂದೂರ್ ರೊಟ್ಟಿ ಖಂಡಿತ ಆಗುತ್ತದೆ. ಪಂಜಾಬಿನ ಹಳ್ಳಿಗಳಲ್ಲಿ ಮೊದಲಿಂದ ನಡೆದು ಬಂದ ಕ್ರಮವೇ ಅದು. ನಿಮ್ಮ ತೊಂದರೆ ಇರುವುದು ಗೋಡೆಯಲ್ಲಿ. ಮೊದಲು ಜಾರಿ ಬೀಳುವುದು, ಆಮೇಲೆ ಕಚ್ಚಿಕೊಳ್ಳುವುದು, ಇವೆರಡೂ ಒಂದಕ್ಕೊಂದು ತದ್ವಿರುದ್ಧ ಅನಿಸುತ್ತದೆ, ಅಲ್ವಾ? ಆದರೆ ಎರಡಕ್ಕೂ ಕಾರಣ ಒಂದೇ. ಗೋಡೆಯ ಮೇಲಿನ ಪದರ ವಿಪರೀತ ಕಾದಿದೆ, ಅದರ ಹಿಂದಿನ ಮಣ್ಣು ಇನ್ನೂ ತಣ್ಣಗಿದೆ. ಅರ್ಧ ಗಂಟೆ ಜೋರು ಉರಿ ಅಂದಿರಲ್ಲ, ಸುಳಿವು ಅಲ್ಲೇ ಇದೆ.

ಹಂಚಿನ ಮೇಲೆ ರೊಟ್ಟಿ ಬೇಯುವಾಗ ಕಾವು ಬರುವುದು ಕೆಳಗಿನಿಂದ ಮಾತ್ರ. ಅದಕ್ಕೇ ಮಗುಚಿ ಹಾಕುತ್ತೇವೆ. ತಂದೂರಿನಲ್ಲಿ ಮಗುಚುವ ಮಾತೇ ಇಲ್ಲ. ರೊಟ್ಟಿಯ ಬೆನ್ನಿಗೆ ಗೋಡೆಯ ಕಾವು ನೇರವಾಗಿ ತಾಗುತ್ತದೆ. ಮುಖಕ್ಕೆ ಕೆಂಡದ ಝಳ ಮತ್ತು ಎದುರು ಗೋಡೆಯ ಝಳ ಹೊಡೆಯುತ್ತದೆ. ಜೊತೆಗೆ ತಳದಿಂದ ಬಾಯಿಯ ಕಡೆಗೆ ಏರುವ ಬಿಸಿಗಾಳಿ ರೊಟ್ಟಿಯನ್ನು ಸವರಿಕೊಂಡು ಹೋಗುತ್ತದೆ. ಮೂರೂ ಒಟ್ಟಿಗೆ ಕೆಲಸ ಮಾಡುವುದರಿಂದಲೇ ಒಂದೆರಡು ನಿಮಿಷದಲ್ಲಿ ಬೆಂದು, ಹೊರಗೆ ಗರಿ ಒಳಗೆ ಮೆತ್ತಗೆ ಆಗುತ್ತದೆ. ಹಾಗಾಗಿ ಬೆಂಕಿಯ ಕೆಲಸ ರೊಟ್ಟಿ ಬೇಯಿಸುವುದಲ್ಲ, ಗೋಡೆ ಕಾಯಿಸುವುದು. ಗೋಡೆ ಚೆನ್ನಾಗಿ ಕಾದ ಮೇಲೆ ಜ್ವಾಲೆ ಬೇಡ. ಜ್ವಾಲೆ ಇನ್ನೂ ಎದ್ದು ಕುಣಿಯುತ್ತಿದ್ದರೆ ರೊಟ್ಟಿ ಹಾಕುವ ಹೊತ್ತು ಬಂದಿಲ್ಲ ಎಂದೇ ಲೆಕ್ಕ.

ರೊಟ್ಟಿ ಗೋಡೆಗೆ ಹಿಡಿಯುವುದು ಹೇಗೆ ಅಂತ ಒಂದು ಸಲ ತಿಳಿದುಕೊಂಡರೆ ಉಳಿದದ್ದೆಲ್ಲ ಸಲೀಸು. ರೊಟ್ಟಿಯ ಹಿಂಬದಿಗೆ ನೀರು ಸವರಿ ಬಡಿಯುತ್ತೇವೆ. ಆ ಒದ್ದೆ ಪದರದಲ್ಲಿರುವ ಗೋಧಿಯ ಪಿಷ್ಟ ಕಾವು ತಾಗಿದ ಕೂಡಲೇ ಉಬ್ಬಿ ಗಂಜಿಯಂತೆ ಅಂಟಾಗುತ್ತದೆ. ರೊಟ್ಟಿಯನ್ನು ಗೋಡೆಗೆ ನಿಲ್ಲಿಸುವುದು ಆ ಅಂಟು. ಸ್ವಲ್ಪ ಹೊತ್ತಿಗೆ ನೀರು ಆರಿ, ಅಂಟು ಒಣಗಿ, ಬೆನ್ನು ಗಟ್ಟಿಯಾಗುತ್ತದೆ. ರೊಟ್ಟಿ ತುಸು ಕುಗ್ಗಿ, ಅಂಚು ತಾನಾಗಿ ಗೋಡೆ ಬಿಡಲು ಶುರುವಾಗುತ್ತದೆ. ಹಿಡಿಯುವುದೂ ಬಿಡುವುದೂ ಆ ತೆಳು ಒದ್ದೆ ಪದರದ ಕೈಯಲ್ಲೇ ಇದೆ.

ಈಗ ನಿಮ್ಮ ತಂದೂರಿಗೆ ಬನ್ನಿ. ಗೋಡೆ ವಿಪರೀತ ಕಾದಿದ್ದರೆ ಆ ನೀರು ತಾಗಿದ ಕ್ಷಣವೇ ಹಬೆಯಾಗುತ್ತದೆ. ಅಂಟು ಹುಟ್ಟುವ ಮೊದಲೇ ಹಬೆ ರೊಟ್ಟಿಯನ್ನು ಆಚೆಗೆ ನೂಕುತ್ತದೆ. ನಿಮ್ಮ ಮೊದಲ ಎರಡು ಮೂರು ರೊಟ್ಟಿ ಬಿದ್ದದ್ದು ಹೀಗೆ. ಪ್ರತಿ ರೊಟ್ಟಿಯೂ ಗೋಡೆಯಿಂದ ಒಂದಿಷ್ಟು ಕಾವು ಎಳೆದುಕೊಳ್ಳುತ್ತದೆ. ಹಿಂದಿನ ಮಣ್ಣು ಬಿಸಿಯಾಗಿದ್ದರೆ ಆ ಕಾವನ್ನು ತಕ್ಷಣ ತುಂಬಿಕೊಡುತ್ತದೆ. ನಿಮ್ಮಲ್ಲಿ ಹಿಂದಿನ ಮಣ್ಣು ತಣ್ಣಗಿತ್ತು, ತುಂಬಿಕೊಡಲು ಅದರಲ್ಲಿ ಏನೂ ಇರಲಿಲ್ಲ. ಹಾಗಾಗಿ ಗೋಡೆಯ ಮೇಲ್ಮೈ ದಿಢೀರ್ ಇಳಿಯಿತು. ಆಮೇಲೆ ಹಾಕಿದವು ಹಿಡಿದುಕೊಂಡವು, ಆದರೆ ಅಂಟು ಒಣಗುವಷ್ಟು ಕಾವು ಸಿಗಲಿಲ್ಲ. ಹಸಿ ಅಂಟಿನಲ್ಲೇ ಸಲಾಕೆ ಹಾಕಿ ಎಬ್ಬಿಸಿದಿರಿ, ಹರಿಯಿತು.

ಮದ್ದು ಏನೆಂದರೆ ನಿಧಾನ. ಒಂದು ಗಂಟೆಯಿಂದ ಒಂದೂವರೆ ಗಂಟೆ ಮಧ್ಯಮ ಉರಿಯಲ್ಲಿ ಕಾಯಿಸಿ. ಮನೆಯ ತಂದೂರ್ ಎರಡು ಎರಡೂವರೆ ಅಡಿ ಎತ್ತರದ್ದಾದರೆ 2ರಿಂದ 3 ಕೆ.ಜಿ. ಇದ್ದಿಲು ಸಾಕು. ಉರಿಯುವಾಗ ತಳದ ಗಾಳಿಕಿಂಡಿ ಪೂರ್ತಿ ತೆರೆದಿರಲಿ. ಜ್ವಾಲೆ ಇಳಿದು, ಕೆಂಡದ ಮೇಲೆ ತೆಳ್ಳಗೆ ಬೂದಿ ಕೂತ ಮೇಲೆ ಕಿಂಡಿಯನ್ನು ಮುಕ್ಕಾಲು ಮುಚ್ಚಿ, ಬಾಯಿಗೆ ಮುಚ್ಚಳ ಹಾಕಿ ಹತ್ತು ನಿಮಿಷ ಸುಮ್ನೆ ಬಿಟ್ಟುಬಿಡಿ. ಈ ಹತ್ತು ನಿಮಿಷವನ್ನು ಬಹಳ ಜನ ತಪ್ಪಿಸುತ್ತಾರೆ. ಗೋಡೆಯ ಕಾವು ಮೇಲೆ ಕೆಳಗೆ, ಒಳಗೆ ಹೊರಗೆ ಹದಕ್ಕೆ ಬರುವುದು ಆಗಲೇ. ಮುಚ್ಚಳ ತೆಗೆಯುವಾಗ ಮುಖ ಬಾಯಿಯ ಮೇಲೆ ಇರಬಾರದು, ಪಕ್ಕಕ್ಕೆ ನಿಂತು ತೆಗೆಯಿರಿ. ಒಳಗೆ ಕೂಡಿಕೊಂಡ ಅನಿಲಕ್ಕೆ ಹೊಸ ಗಾಳಿ ಸಿಕ್ಕರೆ ಭಗ್ಗೆಂದು ಜ್ವಾಲೆ ಏಳುವುದುಂಟು.

ಗೋಡೆ ಹದಕ್ಕೆ ಬಂದಿದೆಯೇ ಎಂದು ನೋಡಲು ಮೂರು ದಾರಿ ಇವೆ. ನಾನು ಮೂರನ್ನೂ ಬಳಸುತ್ತೇನೆ. ಸೌದೆ ಉರಿಸಿದ್ದರೆ ಕಣ್ಣೇ ಸಾಕು. ಮೊದಲು ಒಳಗೋಡೆ ಮಸಿ ಹಿಡಿದು ಕಪ್ಪಾಗುತ್ತದೆ. ಕಾವು ಏರಿದಂತೆ ಆ ಮಸಿಯೇ ಸುಟ್ಟು ಹೋಗಿ, ಗೋಡೆ ತೇಪೆ ತೇಪೆಯಾಗಿ ಮತ್ತೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಎಲ್ಲಿ ಇನ್ನೂ ಕಪ್ಪು ಉಳಿದಿದೆಯೋ ಅಲ್ಲಿ ಕಾವು ಸಾಲದು. ಪೂರ್ತಿ ಬೆಳ್ಳಗಾದ ಕೂಡಲೇ ರೊಟ್ಟಿ ಹಾಕಬೇಡಿ, ಅದು ರೊಟ್ಟಿಗೆ ಬೇಕಾದುದಕ್ಕಿಂತ ಜಾಸ್ತಿ ಕಾವು. ಅಲ್ಲಿಂದ ಇಳಿಯಲು ಬಿಡಬೇಕು. ಇದ್ದಿಲು ಮಾತ್ರ ಹಾಕಿದರೆ ಮಸಿ ಕಡಿಮೆ, ಈ ಗುರುತು ಸಿಗುವುದಿಲ್ಲ. ಅದಕ್ಕೇ ಶುರುವಿನಲ್ಲಿ ಒಣ ಪುರಲೆ, ತೆಂಗಿನ ಕರಟ ಹಾಕಿ ಉರಿಸಿ, ಆಮೇಲೆ ಇದ್ದಿಲು ಹಾಕಿ ಎನ್ನುತ್ತೇನೆ.

ಎರಡನೆಯದು ನೀರಿನ ಪರೀಕ್ಷೆ. ಬೆರಳ ತುದಿಯಿಂದ ನಾಲ್ಕು ಹನಿ ನೀರನ್ನು ಗೋಡೆಯ ನಡುಭಾಗಕ್ಕೆ ಚಿಮುಕಿಸಿ. ಹನಿ ಗೋಡೆಯ ಮೇಲೆ ಒದ್ದೆ ಗೆರೆ ಎಳೆಯುತ್ತ ಕೆಳಗೆ ಇಳಿದರೆ ಇನ್ನೂ ಕಾಯಬೇಕು. ಚುಂಯ್ ಎಂದು ಬಿದ್ದಲ್ಲೇ ಆರಿ ಗುರುತು ಮಾತ್ರ ಉಳಿದರೆ ಹದ ಸರಿ. ಹನಿ ಗೋಡೆಯನ್ನು ಒದ್ದೆಯೇ ಮಾಡದೆ ಸಿಡಿದು ಆಚೆ ಹಾರಿದರೆ ಕಾವು ಹೆಚ್ಚಾಗಿದೆ. ನಿಮ್ಮ ರೊಟ್ಟಿಯ ಬೆನ್ನಿನ ನೀರು ಏನು ಮಾಡಲಿದೆ ಎಂಬುದನ್ನೇ ಈ ಹನಿ ಮೊದಲೇ ಮಾಡಿ ತೋರಿಸುತ್ತದೆ. ಮೂರನೆಯದು, ದೂರದಿಂದ ತೋರಿಸಿ ಅಳೆಯುವ ಥರ್ಮಾಮೀಟರ್ ಗನ್. ಗೋಧಿ ರೊಟ್ಟಿಗೆ ಗೋಡೆ 250ರಿಂದ 300 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಅಳೆಯುವಾಗ ಗುರಿ ಗೋಡೆಯ ನಡುವಿಗಿರಲಿ, ಕೆಂಡದ ಕಡೆಗಲ್ಲ. ಗನ್ ಇದ್ದರೂ ನೀರಿನ ಪರೀಕ್ಷೆ ಬಿಡಬೇಡಿ. ಗನ್ ಮೇಲ್ಮೈಯನ್ನಷ್ಟೇ ಹೇಳುತ್ತದೆ, ಹಿಂದಿನ ಮಣ್ಣಿನ ಸಂಗತಿ ಅದಕ್ಕೆ ಗೊತ್ತಿಲ್ಲ. ಒಂದು ರೊಟ್ಟಿ ತೆಗೆದ ಜಾಗದಲ್ಲಿ ಅಳೆದು, ಒಂದೆರಡು ನಿಮಿಷ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಕಾವು ಹಿಂದಿರುಗಿ ಬಂದಿದ್ದರೆ ಗೋಡೆ ಒಳಗಿನವರೆಗೂ ಕಾದಿದೆ ಎಂದರ್ಥ.

ಮೊದಲ ರೊಟ್ಟಿಗೆ ಮುಂಚೆ ಉಪ್ಪು ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಕೋಲಿಗೆ ಸುತ್ತಿ ಗೋಡೆಯನ್ನು ಒಂದು ಸುತ್ತು ಒರೆಸಿ. ತಂದೂರ್ ಕೆಲಸದವರು ಉಪ್ಪು ನೀರನ್ನು ಚಿಮುಕಿಸುವುದೂ ಇದೆ. ಗೋಡೆಗೆ ಕೂತ ಬೂದಿ ಇದರಿಂದ ಹೋಗುತ್ತದೆ. ಬೂದಿ ಇದ್ದಲ್ಲಿ ಹಿಟ್ಟು ಮಣ್ಣಿಗೆ ತಾಗುವುದೇ ಇಲ್ಲ, ಬೂದಿಗೆ ತಾಗಿ ಅದರ ಸಮೇತ ಜಾರುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ತಂದೂರ್ ಅಂದರೆ ಹೋಟೆಲಿನ ನಾನ್ ಕಣ್ಣಿಗೆ ಬರುತ್ತದೆ. ಮನೆಯಲ್ಲೂ ಅದನ್ನೇ ನಕಲು ಮಾಡಲು ಹೋಗುತ್ತೇವೆ. ಹೋಟೆಲಿನ ತಂದೂರ್ ದಿನವಿಡೀ ಉರಿಯುತ್ತದೆ, ಗೋಡೆ ಒಳಗಿನವರೆಗೂ ಕಾದು ನಿಂತಿರುತ್ತದೆ, ಹಿಟ್ಟು ಮೈದಾದ್ದು. ಈ ತಂದೂರ್ ಅಡುಗೆ ಹೋಟೆಲಿನ ಮೂಲಕ ದೇಶದ ತುಂಬ ಹರಡಿದ್ದು 1947ರ ನಂತರ, ಪಶ್ಚಿಮ ಪಂಜಾಬ್ ಮತ್ತು ಪೇಶಾವರದ ಕಡೆಯಿಂದ ದೆಹಲಿಗೆ ಬಂದು ನೆಲೆಸಿದವರಿಂದ. ಅದಕ್ಕೂ ಬಹಳ ಮೊದಲಿನಿಂದ ಪಂಜಾಬಿನ ಹಳ್ಳಿಯ ಅಂಗಳದಲ್ಲಿ ತಂದೂರ್ ಇತ್ತು. ರಾಜಸ್ಥಾನದ ಕಾಲಿಬಂಗನ್‌ನಲ್ಲಿ 1960ರ ದಶಕದ ಉತ್ಖನನದಲ್ಲಿ ಹರಪ್ಪ ಕಾಲದ ಮನೆಗಳಲ್ಲಿ ಸಿಕ್ಕ ಮಣ್ಣಿನ ಒಲೆಗಳು ಆ ಭಾಗದಲ್ಲಿ ಇಂದಿಗೂ ಇರುವ ತಂದೂರನ್ನೇ ಹೋಲುತ್ತವೆ. ಹಳ್ಳಿಯಲ್ಲಿ ಒಂದು ತಂದೂರ್ ಸುತ್ತಲಿನ ಹಲವು ಮನೆಗಳಿಗೆ ಸೇರಿದ್ದು. ಸಾಂಝಾ ಚೂಲ್ಹಾ ಎನ್ನುತ್ತಾರೆ, ಅಂದರೆ ಎಲ್ಲರ ಒಲೆ. ಸಂಜೆ ಒಬ್ಬೊಬ್ಬರೂ ತಮ್ಮ ಮನೆಯ ಹಿಟ್ಟು ಕಲಸಿ ತಂದು ಸರದಿಯಂತೆ ರೊಟ್ಟಿ ಹಾಕಿಕೊಂಡು ಹೋಗುತ್ತಾರೆ. ಇದರ ಹಿಂದೆ ಒಳ್ಳೆಯ ಲೆಕ್ಕಾಚಾರ ಇದೆ. ತಂದೂರ್ ಕಾಯಿಸಲು ಸೌದೆ ಹೆಚ್ಚು ಬೇಕು, ಒಮ್ಮೆ ಕಾದ ಮೇಲೆ ನಡೆಸಲು ಬಹಳ ಕಡಿಮೆ ಸಾಕು. ಒಂದು ಮನೆಯ ಎಂಟು ರೊಟ್ಟಿಗೆ ತಂದೂರ್ ಹೊತ್ತಿಸುವುದು ದುಂದು. ನೀವೂ ಹೊತ್ತಿಸುವ ದಿನ ಅಕ್ಕಪಕ್ಕದವರನ್ನು ಕರೆಯಿರಿ, ಅವರೂ ಹಿಟ್ಟು ತರಲಿ. ನೀವು ಅನುಸರಿಸಬೇಕಾದ ಮಾದರಿ ಈ ಅಂಗಳದ ತಂದೂರ್, ಹೋಟೆಲಿನದಲ್ಲ.

ಬಿರುಕಿನ ವಿಷಯ. ಕೂದಲೆಳೆಯಷ್ಟು ಬಿರುಕು ಎಲ್ಲ ತಂದೂರಿಗೂ ಬರುತ್ತದೆ, ಗಾಬರಿ ಬೇಡ. ಜೇಡಿಮಣ್ಣಿಗೆ ಹುಲ್ಲು, ನಾರು, ಮೇಕೆಯ ಕೂದಲು ಸೇರಿಸಿ ತುಳಿದು, ಪಟ್ಟಿ ಪಟ್ಟಿಯಾಗಿ ಏರಿಸುತ್ತ ತಂದೂರ್ ಕಟ್ಟುತ್ತಾರೆ. ಬಿರುಕು ಬಂದರೂ ಹರಡದಂತೆ ಹಿಡಿದಿಡುವುದು ಆ ನಾರು. ಬಹಳಷ್ಟು ತಂದೂರುಗಳನ್ನು ಮಡಕೆಯ ಹಾಗೆ ಆವಿಗೆಯಲ್ಲಿ ಸುಟ್ಟಿರುವುದಿಲ್ಲ, ಬಿಸಿಲಲ್ಲಿ ಒಣಗಿಸಿ ಮಾರುತ್ತಾರೆ. ಅದನ್ನು ಸುಡುವ ಕೆಲಸ ನಿಮ್ಮದು, ಅದೂ ಸ್ವಲ್ಪ ಸ್ವಲ್ಪವಾಗಿ. ಒಣಗಿದಂತೆ ಕಂಡರೂ ಮಣ್ಣಿನೊಳಗೆ ತೇವ ಇದ್ದೇ ಇರುತ್ತದೆ. ಮೊದಲ ದಿನವೇ ಜೋರು ಉರಿ ಹಾಕಿದರೆ ಆ ತೇವ ಒಳಗೇ ಹಬೆಯಾಗಿ ಗೋಡೆಯನ್ನು ಸೀಳುತ್ತದೆ, ಚಕ್ಕೆ ಏಳಿಸುತ್ತದೆ.

ಪಳಗಿಸುವ ಕ್ರಮ ಹೀಗಿದೆ. ಮೊದಲ ಎರಡು ದಿನ ಹಿಡಿಯಷ್ಟು ಪುರಲೆಯ ಉರಿ ಸಾಕು, ಗೋಡೆಯ ಹೊರಮೈ ಬೆಚ್ಚಗಾದರೆ ಮುಗಿಯಿತು. ಮೂರನೆಯ ದಿನದಿಂದ ಉರಿ ಏರಿಸುತ್ತ ಹೋಗಿ, ವಾರದ ಕೊನೆಗೆ ಪೂರ್ತಿ ಕಾವಿಗೆ ಬನ್ನಿ. ಪ್ರತಿ ಸಲವೂ ತಾನಾಗಿ ತಣಿಯಲಿ. ಈ ಮಧ್ಯೆ ತಣ್ಣಗಿರುವಾಗ ಒಳಗೋಡೆಗೆ ಪಾಲಕ್ ಸೊಪ್ಪನ್ನು ಕೈಯಲ್ಲಿ ಹಿಸುಕಿ ಉಜ್ಜಿ. ಆಮೇಲೆ ಬೆಲ್ಲ, ಸಾಸಿವೆ ಎಣ್ಣೆ, ಒಂದಿಷ್ಟು ಹುಳಿ ಮಜ್ಜಿಗೆ, ಉಪ್ಪು ಕಲಸಿ ತೆಳ್ಳಗೆ ಬಳಿದು, ಸಣ್ಣ ಉರಿ ಹಾಕಿ. ಉತ್ತರ ಭಾರತದಲ್ಲಿ ಇದು ಮನೆಗೊಂದು ಬಗೆ, ಸೊಪ್ಪು ಬದಲಾಗುತ್ತದೆ, ಅಳತೆ ಬದಲಾಗುತ್ತದೆ. ಕೆಲಸ ಮಾತ್ರ ಒಂದೇ. ಎಣ್ಣೆ ಮತ್ತು ಬೆಲ್ಲ ಸುಟ್ಟು ಮಣ್ಣಿನ ಸಣ್ಣ ರಂಧ್ರಗಳನ್ನು ತುಂಬುತ್ತವೆ. ದೋಸೆ ಕಾವಲಿಯನ್ನು ಪಳಗಿಸುವುದೂ ಇದೇ ತತ್ವದ ಮೇಲೆ. ಪಳಗದ ಗೋಡೆಯ ರಂಧ್ರಕ್ಕೆ ಹಿಟ್ಟು ಇಳಿದು ಬೇರು ಬಿಟ್ಟಂತೆ ಕೂರುತ್ತದೆ. ನಿಮ್ಮ ರೊಟ್ಟಿ ಹರಿಯುವುದಕ್ಕೆ ಇದೂ ಸ್ವಲ್ಪ ಕಾರಣ ಇರಬಹುದು. ತಂದ ಮೇಲೆ ಇದನ್ನು ಮಾಡಿಲ್ಲವಾದರೆ ಈಗಲೂ ಮಾಡಬಹುದು. ಅಂಟಿ ಉಳಿದ ಹಿಟ್ಟನ್ನು ಮೊದಲು ಕೆರೆದು ತೆಗೆಯಿರಿ.

ಉಗುರು ಹೋಗುವಷ್ಟು ಅಗಲದ ಬಿರುಕಾದರೆ, ಅಥವಾ ಮಣ್ಣಿನ ಚೂರು ಉದುರಿ ರೊಟ್ಟಿಗೆ ಮೆತ್ತುತ್ತಿದ್ದರೆ, ತುಂಬಲೇಬೇಕು. ಜೇಡಿಮಣ್ಣು, ಜರಡಿ ಹಿಡಿದ ಸಣ್ಣ ಮರಳು, ಕತ್ತರಿಸಿದ ತೆಂಗಿನ ನಾರು ಸೇರಿಸಿ ಕಲಸಿ. ಬಿರುಕನ್ನು ಚೆನ್ನಾಗಿ ಒದ್ದೆ ಮಾಡಿ ಒತ್ತಿ ತುಂಬಿ, ನೆರಳಲ್ಲಿ ಒಣಗಿಸಿ, ಮತ್ತೆ ಸಣ್ಣ ಉರಿಯಿಂದ ಶುರು ಮಾಡಿ. ಸಿಮೆಂಟ್ ಮಾತ್ರ ಮುಟ್ಟಲೇಬೇಡಿ. ಆ ಕಾವಿಗೆ ಸಿಮೆಂಟ್ ಸಡಿಲಾಗಿ ಪುಡಿಯಾಗುತ್ತದೆ, ಆ ಪುಡಿ ತಿನ್ನುವ ರೊಟ್ಟಿಗೆ ಹತ್ತುತ್ತದೆ.

ಡ್ರಮ್ಮಿಗೂ ತಂದೂರಿಗೂ ನಡುವಿನ ಜಾಗಕ್ಕೆ ಏನು ತುಂಬಿದ್ದೀರಿ ಎಂದು ನೀವು ಬರೆದಿಲ್ಲ. ಅದು ಬಹಳ ಮುಖ್ಯ. ಖಾಲಿ ಬಿಟ್ಟಿದ್ದರೆ ಗೋಡೆಯ ಕಾವೆಲ್ಲ ಹೊರಗೆ ಹೋಗುತ್ತಿದೆ. ಮರಳು ತುಂಬಿದ್ದರೆ ಕಾವು ಹೋಗುವುದಿಲ್ಲ, ಆದರೆ ಮರಳೇ ಬಹಳಷ್ಟು ಕಾವು ಕುಡಿಯುತ್ತದೆ. ಕಾಯಲು ಎರಡು ಗಂಟೆ ಬೇಕಾದೀತು. ಮೈಸೂರು, ಮಂಡ್ಯದ ಕಡೆ ಭತ್ತದ ಹೊಟ್ಟಿನ ಬೂದಿ ಅಕ್ಕಿ ಗಿರಣಿಗಳಲ್ಲಿ ಸಿಗುತ್ತದೆ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ತುಂಬುವ ವಸ್ತು ನಿಮಗೆ ಅಷ್ಟು ಅಗ್ಗದಲ್ಲಿ ಸಿಗಲಾರದು. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕಿನ ಮೇಲೆ ಹೊದಿಸಿ ಕಾವು ಹಿಡಿದಿಡಲು ಬಳಸುವುದೂ ಇದನ್ನೇ. ಹಗುರ, ಬೆಂಕಿ ತಾಳುತ್ತದೆ, ಕಾವು ದಾಟಗೊಡುವುದಿಲ್ಲ. ಪೂರ್ತಿ ಸುಟ್ಟ ಬೂದಿಯೇ ಆಗಿರಬೇಕು, ಹಸಿ ಹೊಟ್ಟು ಉಳಿದಿದ್ದರೆ ಒಳಗೇ ಹೊಗೆಯಾಡುತ್ತದೆ. ತುಂಬುವಾಗ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ, ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಮಳೆಗಾಲದ ಎಚ್ಚರ ಒಂದಿದೆ. ಪೂರ್ತಿ ಸುಡದ ಮಣ್ಣು ನೀರು ಕಂಡರೆ ಮತ್ತೆ ಕೆಸರಾಗುತ್ತದೆ. ಬಾಯಿಗೆ ಮುಚ್ಚಳ, ಮೇಲೆ ತಗಡಿನ ಸೂರು ಬೇಕೇ ಬೇಕು. ಪ್ಲಾಸ್ಟಿಕ್ ಹೊದಿಸಿ ಕಟ್ಟಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಎರಡು ಮೂರು ವಾರ ಬಳಸದೆ ಬಿಟ್ಟಿದ್ದರೆ ಹಿಂದಿನ ದಿನ ಸಂಜೆ ಒಂದು ಸಣ್ಣ ಉರಿ ಹಾಕಿ ಒಣಗಿಸಿ, ಮಾರನೆಯ ದಿನ ರೊಟ್ಟಿಗೆ ಹೊತ್ತಿಸಿ.

ಸೌದೆ ಯಾವುದು? ಪಂಜಾಬಿನಲ್ಲಿ ಕೀಕರ್ ಅಂದರೆ ಜಾಲಿ ಸೌದೆ, ಹತ್ತಿ ಗಿಡದ ಒಣ ಕಡ್ಡಿ ಬಳಸುತ್ತಾರೆ. ನಮ್ಮಲ್ಲಿ ಬಳ್ಳಾರಿ ಜಾಲಿಯ ಇದ್ದಿಲು, ಸರ್ವೆ ಸೌದೆ, ತೆಂಗಿನ ಕರಟದ ಇದ್ದಿಲು ಚೆನ್ನಾಗಿ ನಡೆಯುತ್ತವೆ. ಕರಟದ ಇದ್ದಿಲು ಬಹಳ ಹೊತ್ತು ಹಿಡಿದಿರುತ್ತದೆ, ಹೊಗೆ ಕಡಿಮೆ. ಪೇಂಟ್ ಬಳಿದ ಮರ, ಪ್ಲೈವುಡ್ ಚೂರು ಬೇಡ. ಸೀಮೆಎಣ್ಣೆ ಸುರಿದು ಹೊತ್ತಿಸುವುದೂ ಬೇಡ, ಮಣ್ಣು ಅದನ್ನು ಹೀರಿ ವಾಸನೆಯನ್ನು ರೊಟ್ಟಿಗೆ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ತಂದೂರ್ ಬಯಲಲ್ಲೇ ಇರಲಿ. ಮಳೆ ಬಂತು ಅಂತ ಕಾರ್ ಶೆಡ್ಡಿಗೋ ಮುಚ್ಚಿದ ಜಗಲಿಗೋ ಒಯ್ಯಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಹೊಗೆ ಕಾಣುತ್ತಿಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ನೆರೆಮನೆಗೆ ಹೊಗೆ ಹೋಗದಂತೆಯೂ ನೋಡಿಕೊಳ್ಳಿ. ದೆಹಲಿಯಲ್ಲಿ ಗಾಳಿ ಕೆಟ್ಟಾಗ ಹೋಟೆಲುಗಳು ತಂದೂರಿನಲ್ಲಿ ಕಲ್ಲಿದ್ದಲು, ಸೌದೆ ಉರಿಸುವುದಕ್ಕೇ ನಿರ್ಬಂಧ ಬೀಳುತ್ತದೆ.

ಇನ್ನು ಹಿಟ್ಟು. ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟು 500 ಗ್ರಾಂ, ಉಪ್ಪು 8ರಿಂದ 9 ಗ್ರಾಂ, ನೀರು 310ರಿಂದ 325 ಮಿ.ಲೀ. ಇಷ್ಟೇ. ನೀರನ್ನು ಒಂದೇ ಸಲ ಸುರಿಯದೆ, ಕಾಲು ಭಾಗ ಉಳಿಸಿಕೊಂಡು ನೋಡಿ ನೋಡಿ ಸೇರಿಸಿ. ಚಪಾತಿ ಹಿಟ್ಟಿಗಿಂತ ಚೂರು ಗಟ್ಟಿಯಾಗಿ ಶುರು ಮಾಡಿ, ಹತ್ತು ನಿಮಿಷ ಚೆನ್ನಾಗಿ ನಾದಿ. ಒದ್ದೆ ಬಟ್ಟೆ ಮುಚ್ಚಿ ಕನಿಷ್ಠ 40 ನಿಮಿಷ ಬಿಡಿ. ಗೋಧಿಯ ತೌಡು ನೀರು ಕುಡಿಯಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಹಿಟ್ಟು ತಾನೇ ಮೆತ್ತಗಾಗಿ, ಎಳೆದರೆ ಹರಿಯದೆ ಬರುವ ಹದಕ್ಕೆ ಬರುತ್ತದೆ. ತಂದೂರ್ ಕಾಯುವ ಒಂದು ಗಂಟೆಗೆ ಇದು ಸರಿಯಾಗಿ ಹೊಂದುತ್ತದೆ. ಬೆಂಕಿ ಹೊತ್ತಿಸಿ ಹಿಟ್ಟು ಕಲಸಲು ಕೂತರೆ ಎರಡೂ ಒಟ್ಟಿಗೆ ತಯಾರು. ಒಂದು ಚಮಚ ಮೊಸರು ಹಾಕಿದರೆ ಮೆತ್ತಗಾಗುತ್ತದೆ, ಹಾಕಲೇಬೇಕೆಂದಿಲ್ಲ. ಸಕ್ಕರೆ, ಹಾಲು ಬೇಡ. ಬೇಗ ಕಪ್ಪಾಗುತ್ತದೆ, ಗೋಡೆಗೂ ಕಚ್ಚುತ್ತದೆ.

85 ಗ್ರಾಮಿನ ಒಂಬತ್ತು ಹತ್ತು ಉಂಡೆ ಆಗುತ್ತವೆ. ಉಂಡೆ ಮಾಡಿದ ಮೇಲೆ ಮತ್ತೆ ಹತ್ತು ನಿಮಿಷ ಬಿಡಿ. ಲಟ್ಟಣಿಗೆ ಬೇಡ, ಕೈಯಲ್ಲೇ ತಟ್ಟಿ. ಉಂಡೆಯನ್ನು ಬೆರಳಿಂದ ಒತ್ತಿ ಅಂಗೈ ಅಗಲ ಮಾಡಿಕೊಂಡು, ಆಮೇಲೆ ಒಂದು ಅಂಗೈಯಿಂದ ಇನ್ನೊಂದಕ್ಕೆ ಪಟಪಟ ಹಾಕುತ್ತ ಹೋಗಿ. ತನ್ನ ಭಾರಕ್ಕೇ ಅಗಲವಾಗುತ್ತದೆ. ಏಳು ಇಂಚು ಅಗಲ, ಸುಮಾರು 3 ಮಿ.ಮೀ. ದಪ್ಪ ಬಂದರೆ ಸಾಕು. ನಡುವೆ ತೆಳ್ಳಗಾಗಿ ಅಂಚು ದಪ್ಪ ಉಳಿದರೆ ಅಂಚಿನ ಭಾರಕ್ಕೆ ರೊಟ್ಟಿ ಗೋಡೆಯಿಂದ ಸುಲಿದುಕೊಂಡು ಬರುತ್ತದೆ. ಅಗಲ ಮಾಡಿದ ಕೂಡಲೇ ಕುಗ್ಗಿ ಹಿಂದಕ್ಕೆ ಬಂದರೆ ಹಿಟ್ಟಿಗೆ ಇನ್ನೂ ಬಿಡುವು ಬೇಕು, ಬಲವಂತ ಮಾಡಬೇಡಿ.

ಒಣ ಹಿಟ್ಟನ್ನು ಎಷ್ಟು ಕಡಿಮೆಯೋ ಅಷ್ಟು ಮುಟ್ಟಿ. ಗೋಡೆಗೆ ತಾಗುವ ಬದಿಯಲ್ಲಂತೂ ಒಂದು ಚಿಟಿಕೆಯೂ ಉಳಿಯಬಾರದು, ಅದು ಬೂದಿಯ ಹಾಗೆಯೇ ಅಡ್ಡ ನಿಲ್ಲುತ್ತದೆ. ರೊಟ್ಟಿಯನ್ನು ಗದ್ದಿಯ ಮೇಲೆ ಹಾಸಿ. ಗದ್ದಿ ಅಂದರೆ ಹಳೆಯ ಹತ್ತಿಬಟ್ಟೆ ತುಂಬಿ ಹೊಲಿದ ಗುಂಡನೆ ದಿಂಬು, ಹಿಂಬದಿಯಲ್ಲಿ ಕೈ ತೂರಿಸಲು ಪಟ್ಟಿ ಇರುತ್ತದೆ. ಮೇಲೆ ಕಾಣುವ ಬದಿಗೆ ಅಂಗೈ ಅದ್ದಿ ನೀರು ಸವರಿ. ಹೊಳೆಯುವಷ್ಟು ಒದ್ದೆ ಇರಲಿ, ಹರಿಯುವಷ್ಟು ಬೇಡ. ಪಂಜಾಬಿನಲ್ಲಿ ಅನುಭವ ಇದ್ದವರು ಬರಿಗೈಯಲ್ಲೇ ಹಾಕುತ್ತಾರೆ. ನೀವು ಗದ್ದಿಯಲ್ಲೇ ಹಾಕಿ, ಅದರಲ್ಲಿ ಕಡಿಮೆ ಏನಿಲ್ಲ. ಅರ್ಮೇನಿಯಾದಲ್ಲಿ ನೆಲದೊಳಗಿನ ಮಣ್ಣಿನ ಒಲೆಗೆ ಲವಾಶ್ ಎಂಬ ಉದ್ದನೆಯ ತೆಳು ರೊಟ್ಟಿಯನ್ನು ಹಾಕುವುದೂ ದಿಂಬಿನ ಮೇಲೆ ಹರಡಿಯೇ. ಆ ರೊಟ್ಟಿ ಮಾಡುವ ಪದ್ಧತಿಯನ್ನು ಯುನೆಸ್ಕೋ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಹಾಕುವ ಮುಂಚೆ ಬಳೆ, ಉಂಗುರ ತೆಗೆದಿಡಿ. ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ತೊಟ್ಟು ತಂದೂರ್ ಹತ್ತಿರ ಬರಬೇಡಿ, ಕಾವಿಗೆ ಕರಗಿ ಚರ್ಮಕ್ಕೆ ಹತ್ತುತ್ತದೆ. ಮೊಣಕೈವರೆಗೆ ಒದ್ದೆ ಹತ್ತಿಬಟ್ಟೆ ಸುತ್ತಿಕೊಂಡರೆ ಧೈರ್ಯ ಬರುತ್ತದೆ. ಗುರಿ ಗೋಡೆಯ ನಡುಭಾಗಕ್ಕೆ. ಬಾಯಿಯ ಹತ್ತಿರ ಹಾಕುವುದು ಸುಲಭ ಅನಿಸುತ್ತದೆ. ಆದರೆ ಅಲ್ಲಿ ಗೋಡೆ ಒಳಕ್ಕೆ ಬಾಗಿದೆ, ರೊಟ್ಟಿ ತಲೆಕೆಳಗಾಗಿ ನೇತಾಡಬೇಕಾಗುತ್ತದೆ, ಕಾವೂ ಕಡಿಮೆ. ನಿಮ್ಮ ಮೊದಲ ರೊಟ್ಟಿಗಳನ್ನು ಎಲ್ಲಿ ಹಾಕಿದ್ದಿರಿ ಎಂದು ನೆನಪಿಸಿಕೊಳ್ಳಿ. ಕೈ ಹೆದರಿ ಮೇಲೇ ನಿಂತಿದ್ದರೆ ಬೀಳಲು ಅದೂ ಒಂದು ಕಾರಣ. ಕೈ ಇಳಿಸಿ, ಬಡಿದು, ಒಂದು ಕ್ಷಣ ಒತ್ತಿ ಹಿಡಿದು, ಹೊರಗೆ. ಅಂಜಿಕೆಯಿಂದ ಮೆಲ್ಲಗೆ ತಾಗಿಸಿದರೆ ನಡುಭಾಗ ಮಾತ್ರ ಹಿಡಿದು ಅಂಚು ಬಿಟ್ಟುಕೊಳ್ಳುತ್ತದೆ. ಧೈರ್ಯವಾಗಿ ಬಡಿಯಬೇಕು. ಬೆಂಕಿ ಇಲ್ಲದ ತಣ್ಣನೆಯ ತಂದೂರಿನಲ್ಲಿ ಹಳೆಯ ಹಿಟ್ಟಿನಿಂದ ಒಂದಷ್ಟು ಸಲ ಅಭ್ಯಾಸ ಮಾಡಿಕೊಂಡರೆ ಕೈಗೆ ಆಳ, ದೂರ ಗೊತ್ತಾಗುತ್ತದೆ.

ಮೊದಲ ಸುತ್ತಿಗೆ ಒಂದೇ ರೊಟ್ಟಿ ಹಾಕಿ. ಸ್ವಲ್ಪ ಹೊತ್ತಿಗೆ ಗುಳ್ಳೆ ಏಳುತ್ತವೆ, ಗುಳ್ಳೆಯ ನೆತ್ತಿ ಕಂದಾಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಬರುತ್ತದೆ. ಒಂದರಿಂದ ಎರಡು ನಿಮಿಷದೊಳಗೆ ಅಂಚು ಗೋಡೆಯಿಂದ ಎದ್ದು ನಿಲ್ಲುವುದು ಕಾಣಿಸುತ್ತದೆ. ತೆಗೆಯಲು ಎರಡು ಸಲಾಕೆ ಬೇಕು. ಒಂದರ ತುದಿ ಚಪ್ಪಟೆ, ಇನ್ನೊಂದರ ತುದಿ ಕೊಕ್ಕೆ. ಚಪ್ಪಟೆಯದರಿಂದ ಅಂಚನ್ನು ಬಿಡಿಸಿ, ಕೊಕ್ಕೆಯನ್ನು ರೊಟ್ಟಿಗೆ ಚುಚ್ಚಿ ಎತ್ತಿ. ಮೊದಲು ಕೊಕ್ಕೆ ಚುಚ್ಚಿ ಹಿಡಿಯಿರಿ, ಆಮೇಲೆ ಪೂರ್ತಿ ಬಿಡಿಸಿ. ಇಲ್ಲದಿದ್ದರೆ ಬೆಂದ ರೊಟ್ಟಿಯೂ ಕೆಂಡದ ಪಾಲು. ಅಂಚು ಏಳದೆ ಜಗ್ಗಾಡುವಂತಿದ್ದರೆ ಇನ್ನೊಂದು 15–20 ಸೆಕೆಂಡ್ ಬಿಡಿ, ತಾನಾಗಿ ಬಿಡುತ್ತದೆ. ತೆಗೆದ ರೊಟ್ಟಿಯ ಬೆನ್ನು ನೋಡಿ. ಬೆಳ್ಳಗೆ ಹಸಿ ಇದ್ದು ಮುಖ ಕಪ್ಪಾಗಿದ್ದರೆ ಗೋಡೆ ತಣ್ಣಗಿದೆ, ಕೆಂಡ ಜೋರಾಗಿದೆ. ಕಿಂಡಿ ಮುಚ್ಚಿ, ಮುಚ್ಚಳ ಹಾಕಿ ಕಾಯಿರಿ. ಬೆನ್ನು ಕರಿಕಾಗಿ ಮುಖ ಬಿಳಚಿಕೊಂಡಿದ್ದರೆ ಗೋಡೆ ಬಿಸಿ, ಕೆಂಡ ಸೊರಗಿದೆ. ಕೆಂಡ ಕೆದಕಿ ಬೂದಿ ಉದುರಿಸಿ, ಕಿಂಡಿ ಸ್ವಲ್ಪ ತೆರೆಯಿರಿ. ರೊಟ್ಟಿಯ ಎರಡು ಬದಿಗಳನ್ನು ಹೀಗೆ ಓದಲು ಬಂದರೆ ಥರ್ಮಾಮೀಟರ್ ಅಗತ್ಯವೇ ಬೀಳುವುದಿಲ್ಲ. ಎರಡೂ ಬದಿ ಹೊಂದಿದ ಮೇಲೆ ಒಮ್ಮೆಗೆ ಮೂರು ನಾಲ್ಕು ಹಾಕಿ. ಪ್ರತಿ ಸುತ್ತಿನ ನಂತರ ಒಂದೆರಡು ನಿಮಿಷ ಮುಚ್ಚಳ ಹಾಕಿ, ಗೋಡೆ ಕಾವು ತುಂಬಿಕೊಳ್ಳಲಿ. ತುಪ್ಪ ಸವರುವುದು ತೆಗೆದ ಮೇಲೆಯೇ.

ಜೋಳದ ರೊಟ್ಟಿ ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಗೋಧಿಯಲ್ಲಿರುವ ಗ್ಲುಟನ್ ಹಿಟ್ಟಿನೊಳಗೆ ಬಲೆ ಹೆಣೆಯುತ್ತದೆ. ರೊಟ್ಟಿ ಗೋಡೆಗೆ ನೇತಾಡುವಾಗ ಹರಿಯದಂತೆ ಹಿಡಿಯುವುದು ಆ ಬಲೆ. ಜೋಳದಲ್ಲಿ ಅದಿಲ್ಲ. ಬಿಸಿನೀರಿನಲ್ಲಿ ನಾದಿ ಜಿಗಿ ಬರಿಸಿದರೂ ಅದು ಹಲಗೆಯ ಮೇಲೆ ಬಡಿಯುವಷ್ಟಕ್ಕೆ ಸಾಕು, ಗೋಡೆಯಲ್ಲಿ ನಿಲ್ಲುವಷ್ಟಲ್ಲ. ಅಂಚು ಸೀಳಿ ತುಂಡು ತುಂಡಾಗಿ ಉದುರುತ್ತದೆ. ಪಂಜಾಬಿನವರೂ ಮೆಕ್ಕೆಜೋಳದ ರೊಟ್ಟಿಯನ್ನು ಕಾವಲಿಯ ಮೇಲೆಯೇ ಮಾಡುತ್ತಾರೆ. ಮೇಲಾಗಿ ಜೋಳದ ರೊಟ್ಟಿ ಹಂಚಿನ ಮೇಲೆ ನೀರು ಸವರಿ ಬೇಯಿಸಿ, ಕೆಂಡಕ್ಕೆ ಒಡ್ಡಿ ಉಬ್ಬಿಸಿದಾಗಲೇ ಸೊಗಸು. ಅದನ್ನು ತಂದೂರಿಗೆ ತಂದು ಕೆಡಿಸುವುದೇಕೆ? ಜೋಳದ ರುಚಿ ಬೇಕೇ ಬೇಕು ಅಂದರೆ ಗೋಧಿಗೆ ಐದನೇ ಒಂದು ಭಾಗ ಜೋಳದ ಹಿಟ್ಟು ಸೇರಿಸಿ ನೋಡಿ, ಅಷ್ಟನ್ನು ಗೋಧಿ ಹೊತ್ತುಕೊಳ್ಳುತ್ತದೆ. ಆದರೆ ಗೋಧಿ ರೊಟ್ಟಿ ಕೈಗೆ ಕೂತ ಮೇಲೆ ಮಾಡಿ.

ರೊಟ್ಟಿ ಮುಗಿದಾಗ ತಂದೂರಿನಲ್ಲಿ ಗಂಟೆಗಟ್ಟಲೆ ಕಾವು ಉಳಿದಿರುತ್ತದೆ. ಪಂಜಾಬಿನಲ್ಲಿ ಆ ಹೊತ್ತಿಗೆ ಇಡೀ ಉದ್ದಿನಕಾಳಿನ ಪಾತ್ರೆಯನ್ನು ಇಟ್ಟು ರಾತ್ರಿಯಿಡೀ ಬೇಯಲು ಬಿಡುತ್ತಾರೆ. ನೀವು ಗುಂಡು ಬದನೆಕಾಯಿ, ಗೆಣಸನ್ನು ಬೂದಿಯ ಬದಿಗೆ ಇಡಬಹುದು, ಸಲಾಕೆಗೆ ಸಿಕ್ಕಿಸಿ ಟೊಮೆಟೊ, ಈರುಳ್ಳಿ ಸುಡಬಹುದು. ಕೆಂಡ ಆರಿಸಲು ನೀರು ಸುರಿಯಬೇಡಿ. ಕಾದ ಮಣ್ಣಿಗೆ ತಣ್ಣೀರು ಬಿದ್ದರೆ ಈಗಿರುವ ಕೂದಲೆಳೆ ಬಿರುಕು ಸೀಳಾಗುತ್ತದೆ. ಕಿಂಡಿ ಮುಚ್ಚಿ, ಮುಚ್ಚಳ ಹಾಕಿ, ಮೇಲೊಂದು ಕಲ್ಲು ಹೇರಿ ಬಿಟ್ಟುಬಿಡಿ. ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಬೂದಿಯನ್ನು ಮರುದಿನ ತೆಗೆಯಿರಿ, ಅದೂ ಒಳಗೆ ಕೆಂಡ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕಬ್ಬಿಣದ ಬಾಣಲೆಗೆ.